ಹಣ್ಣಿನ ಪೆಟ್ಟಿಗೆಯ ಹಡಗು

ನಾನು ಸಮುದ್ರ ನೋಡಿಲ್ಲ. ನೋಡಬೇಕೆಂಬ ಆಸೆಯೂ ಇಲ್ಲ. ಆದರೂ ಹಡಗು ಕಟ್ಟುತ್ತೇನೆ. ಒಂದೂಕಾಲು ಮೊಳ ಉದ್ದ, ಪೂರ್ತಿ ಮರದ್ದು, ಮೂರು ಕಂಬ, ಹಾಯಿ, ಹಗ್ಗ ಎಲ್ಲಾ ಇರುವಂಥದ್ದು. ಇಲ್ಲಿ ಬರೆಯುತ್ತಿರುವುದು ಮೊದಲನೆಯದರ ಸಂಗತಿ. ನಾನು ಓದಿದ್ದು ಮೂರನೇ ಕ್ಲಾಸು. ಬರೆಯುವುದು ನಿಧಾನ, ಆದರೆ ಆಗುತ್ತದೆ.

ನಲವತ್ತು ವರ್ಷ ತರಕಾರಿ ಮಾರಿದೆ. ಬೆಳಿಗ್ಗೆ ಕೃಷ್ಣರಾಜ ಮಾರುಕಟ್ಟೆಯಲ್ಲಿ ಬುಟ್ಟಿ ತುಂಬಿಸಿಕೊಂಡು ತಲೆಯ ಮೇಲಿಟ್ಟು ಹೊರಟರೆ ಬಸವನಗುಡಿ ಸುತ್ತಿ ತ್ಯಾಗರಾಜನಗರದಲ್ಲಿ ಬುಟ್ಟಿ ಖಾಲಿಯಾಗುತ್ತಿತ್ತು. ಮಂಡಿ ಸವೆಯಿತು. ಡಾಕ್ಟರು ಇನ್ನು ತಲೆಹೊರೆ ಬೇಡ ಎಂದರು. ಮಗ ತಳ್ಳುಗಾಡಿ ಇಟ್ಟುಕೊಂಡ. ನಾನು ಚಾಮರಾಜಪೇಟೆಯ ವಠಾರದಲ್ಲಿ ನಮ್ಮ ಮನೆ ಬಾಗಿಲಲ್ಲಿ ಕೂತೆ. ಮಗ ಸೊಸೆ ಊಟ ಹಾಕುತ್ತಾರೆ, ಎದುರು ಮಾತಾಡುತ್ತಾರೆ, ಎಲ್ಲರ ಮನೆಯ ಹಾಗೆಯೇ. ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಕೈ ಸುಮ್ಮನಿರುವುದೇ ನನಗೆ ಆಗುತ್ತಿರಲಿಲ್ಲ.

ತ್ಯಾಗರಾಜನಗರದಲ್ಲಿ ಒಂದು ಹಳೆಯ ಗಿರಾಕಿ ಮನೆ ಇದೆ. ಯಜಮಾನರು ಯಾವುದೋ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದು ರಿಟೈರ್ ಆದವರು. ನಾನು ಅವರನ್ನು ಸ್ವಾಮಿ ಅನ್ನುತ್ತೇನೆ, ಅವರ ಹೆಂಡತಿಯನ್ನು ಅಮ್ಮಾವ್ರು ಅನ್ನುತ್ತೇನೆ. ವ್ಯಾಪಾರ ಬಿಟ್ಟ ಮೇಲೂ ಗುರುವಾರ ಗುರುವಾರ ಬಸ್ಸು ಹತ್ತಿ ಒಂದು ಕಟ್ಟು ಕರಿಬೇವು ಹಿಡಿದು ಆ ಮನೆಗೆ ಹೋಗುತ್ತಿದ್ದೆ. ಅಮ್ಮಾವ್ರ ಕಾಫಿ ಚೆನ್ನಾಗಿರುತ್ತದೆ, ಅದಕ್ಕೆ.

ಸ್ವಾಮಿಗೆ ಹಡಗಿನ ಹುಚ್ಚು. ಹಜಾರದ ಕಿಟಕಿ ಕೆಳಗೆ ಮೇಜು ಹಾಕಿಕೊಂಡು ಪುಟ್ಟ ಪುಟ್ಟ ಮರದ ಹಡಗು ಮಾಡುತ್ತಿದ್ದರು. ಒಂದು ಗುರುವಾರ ನಾನು ಹೋದಾಗ ತೆಳ್ಳನೆಯ ಹಲಗೆಯೊಂದನ್ನು ಹಡಗಿನ ಮೂತಿಗೆ ಬಗ್ಗಿಸುತ್ತಿದ್ದರು. ಟಪ್ ಎಂದು ಮುರಿಯಿತು. ಇನ್ನೊಂದು ತೆಗೆದುಕೊಂಡರು. ಅದೂ ಮುರಿಯಿತು.

"ಒಣಗಿದ್ದನ್ನ ಹಂಗೆ ಬಗ್ಸಿದ್ರೆ ಮುರೀದೆ ಇನ್ನೇನಾಗುತ್ತೆ ಸ್ವಾಮಿ?" ಎಂದೆ.

"ನೀರಲ್ಲಿ ನೆನೆಸಿದೀನಮ್ಮ."

"ನೆನೆಸಿದ್ರೆ ಸಾಲ್ದು. ಬಿಸಿ ಬೇಕು. ಬುಟ್ಟಿ ಬಾಯಿ ಕಿತ್ತೋದಾಗ ನಾವು ಬಿದಿರು ಸೀಳನ್ನ ಕೆಂಡದ ಮೇಲೆ ಹಿಡಿದು ಬಗ್ಸಲ್ವಾ? ಕೊಡಿ ಇಲ್ಲಿ."

ಕೊಟ್ಟರು. ನಾನು ಅದನ್ನು ಅಡುಗೆಮನೆಗೆ ಒಯ್ದು ಕುದಿಯುವ ನೀರಿನ ಆವಿಗೆ ಹಿಡಿದೆ. ಮೆತ್ತಗಾದ ಮೇಲೆ ಹೆಬ್ಬೆರಳಿನಿಂದ ಸ್ವಲ್ಪ ಸ್ವಲ್ಪವೇ ನೂಕಿ ಮೂತಿಗೆ ಕೂರಿಸಿದೆ. ಕೂತುಕೊಂಡಿತು. ಅವತ್ತಿನಿಂದ ಗುರುವಾರ ನನಗೆ ಹಲಗೆ ಬಗ್ಗಿಸುವ ಕೆಲಸ ಸಿಕ್ಕಿತು.

ಯುಗಾದಿ ಕಳೆದ ಮೇಲೆ ಒಂದು ದಿನ ಅವರ ಮೇಜಿನ ಮೇಲೆ ಹೊಸ ರಟ್ಟಿನ ಪೆಟ್ಟಿಗೆ ಇತ್ತು. ಒಳಗೆ ಮರದ ಚೂರುಗಳು, ಎಲ್ಲಾ ಅಚ್ಚುಕಟ್ಟಾಗಿ ಕತ್ತರಿಸಿದ್ದವು, ಒಂದೊಂದರ ಮೇಲೂ ನಂಬರು.

"ಇವೆಲ್ಲಾ ನೀವು ಕುಯ್ದಿದ್ದಲ್ವಾ ಸ್ವಾಮಿ?"

"ಇಲ್ಲಮ್ಮ, ಪೆಟ್ಟಿಗೇಲೇ ಹೀಗೆ ಬರುತ್ತೆ. ನಂಬರ್ ನೋಡ್ಕೊಂಡು ಜೋಡಿಸೋದು ನಮ್ಮ ಕೆಲಸ."

"ಓ. ಹಂಗಾದ್ರೆ ಇದು ಪುಳಿಯೋಗರೆ ಪುಡಿ ಪ್ಯಾಕೆಟ್ಟು ತಂದು ಅನ್ನಕ್ಕೆ ಕಲಸ್ದಂಗೆ."

ಅಡುಗೆಮನೆಯಿಂದ ಅಮ್ಮಾವ್ರು ಜೋರಾಗಿ ನಕ್ಕರು. "ಹೇಳು, ಹೇಳು. ನಾನು ಹೇಳಿದ್ರೆ ಜಗಳ ಆಗುತ್ತೆ."

ಸ್ವಾಮಿಗೆ ಸಿಟ್ಟು ಬಂತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪುಡಿ ಕಲಸೋಕೂ ಕೈ ಬೇಕಮ್ಮ. ಎಲ್ಲಿ, ನೀವು ಪೆಟ್ಟಿಗೆ ಇಲ್ದೆ ಒಂದು ಮಾಡಿ ತೋರಿಸಿ."

"ಮಾಡ್ತೀನಿ."

"ನಕ್ಷೆ ಓದೋಕೆ ಬರುತ್ತಾ?"

"ಬರಲ್ಲ. ಮಾಡ್ತೀನಿ."

ಅಮ್ಮಾವ್ರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಆ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ, ಒಂಬತ್ತು ಮೆಟ್ಟಿಲು. ಬೀದಿಯ ಹೆಂಗಸರೆಲ್ಲಾ ನೋಡಲು ಬರುತ್ತಾರೆ. ಅಮ್ಮಾವ್ರು ಗೊಂಬೆ ವಿಷಯದಲ್ಲಿ ಬಲು ಕಟ್ಟುನಿಟ್ಟು. ಬಣ್ಣ ಹೋದದ್ದನ್ನು, ಮೂಗು ಮುಕ್ಕಾದದ್ದನ್ನು ಒಳಗೇ ಇಟ್ಟುಬಿಡುತ್ತಾರೆ.

"ನೋಡು, ನವರಾತ್ರಿ ಹೊತ್ತಿಗೆ ಮಾಡು. ಗೊಂಬೆ ಜೊತೆ ಕೂರಿಸ್ತೀನಿ. ಆದ್ರೆ ಪಾಪ ಅಂತ ಕೂರ್ಸಲ್ಲ, ಈಗ್ಲೇ ಹೇಳಿದೀನಿ. ಚೆನ್ನಾಗಿದ್ರೆ ಮಾತ್ರ."

"ಪಾಪ ಅಂತ ಕೂರಿಸಿದ್ರೆ ನಾನೇ ಎತ್ಕೊಂಡು ಹೋಗ್ತೀನಿ ಅಮ್ಮಾವ್ರೇ."

ಬಸ್ಸಿನಲ್ಲಿ ಮನೆಗೆ ಬರುವಾಗ ಯೋಚಿಸಿದೆ. ನಲವತ್ತು ವರ್ಷ ನಾನು ಹೊತ್ತು ತಂದಿದ್ದೆಲ್ಲಾ ಸಂಜೆಯೊಳಗೆ ಸಾರು, ಪಲ್ಯ ಆಗಿ ಹೋಯಿತು. ಒಂದು ಹುರುಳಿಕಾಯಿ ಕೂಡ ಉಳಿದಿಲ್ಲ. ಅದಕ್ಕೆ ಬೇಸರವಿಲ್ಲ, ತರಕಾರಿ ಇರುವುದೇ ತಿನ್ನಲಿಕ್ಕೆ. ಆದರೆ ನನ್ನ ಕೈಯಲ್ಲಿ ಆದದ್ದು ಒಂದಾದರೂ ನಾಳೆಯೂ ಇರಬೇಕು, ಅದನ್ನು ಒಂದು ಕಡೆ ಕೂರಿಸಿ ನಾಲ್ಕು ಜನ ನೋಡಬೇಕು ಅನ್ನಿಸಿತು. ಬೇರೆಯವರು ಕತ್ತರಿಸಿಕೊಟ್ಟ ಒಂದು ಚೂರೂ ಅದರಲ್ಲಿ ಇರಬಾರದು ಎಂದೂ ತೀರ್ಮಾನ ಮಾಡಿದೆ.

ಮರಕ್ಕೆ ಮಾರುಕಟ್ಟೆಗೇ ಹೋದೆ. ಈಗ ಎಲ್ಲಾ ಪ್ಲಾಸ್ಟಿಕ್ಕು, ರಟ್ಟು. ಮರದ ಹಣ್ಣಿನ ಪೆಟ್ಟಿಗೆ ಸಿಗುವುದು ಕಷ್ಟ. ಮೂರು ದಿನ ಅಲೆದ ಮೇಲೆ ಹಣ್ಣಿನ ಸಾಲಿನಲ್ಲಿ ಒಬ್ಬ ಹಮಾಲಿ ಒಡೆದ ಪೆಟ್ಟಿಗೆ ಎರಡು ತೋರಿಸಿದ.

"ಒಲೆಗಾ ಅಜ್ಜಿ?"

"ಹಡಗಿಗೆ."

"ತಗೊಂಡೋಗು. ನನ್ನನ್ನೂ ಹತ್ತಿಸ್ಕೋ, ಈ ಊರು ಸಾಕಾಗಿದೆ."

ಅದು ಹಲಗೆಗೆ ಆಯಿತು. ಹಡಗಿಗೆ ಮನುಷ್ಯರ ಹಾಗೆ ಬೆನ್ನೆಲುಬು, ಪಕ್ಕೆಲುಬು ಇರುತ್ತವೆ. ಮೊದಲು ಅವನ್ನು ಕಟ್ಟಿ ಆಮೇಲೆ ಚರ್ಮದ ಹಾಗೆ ಹಲಗೆ ಹೊದಿಸಬೇಕು. ಎಲುಬಿಗೆ ಗಟ್ಟಿ ಮರ ಬೇಕು. ಊಟಕ್ಕೆ ಕೂರುವ ಹಲಸಿನ ಮಣೆ ಮನೆಯಲ್ಲಿ ಎರಡಿದ್ದವು. ನನ್ನ ಮಣೆಯನ್ನು ಕುಯ್ದೆ.

ಸ್ವಾಮಿ ತಮ್ಮ ಹಳೆಯ ನಕ್ಷೆ ಒಂದನ್ನು ಕೊಟ್ಟಿದ್ದರು. ಕೊಡುವಾಗ ಅವರ ಮುಖ ನೋಡಿದರೆ ಹೇಗೂ ಇವಳಿಂದ ಆಗುವುದಿಲ್ಲ ಎಂದುಕೊಂಡೇ ಕೊಟ್ಟ ಹಾಗಿತ್ತು. ಅದರಲ್ಲಿ ಅಕ್ಷರ ಇಂಗ್ಲಿಷು. ನನಗೆ ಬೇಕಾಗಿರಲಿಲ್ಲ. ಕಾಗದದ ತುಂಬಾ ಚೌಕ ಚೌಕ ಗೆರೆ ಇತ್ತು, ಆ ಚೌಕಗಳ ಮೇಲೆ ಒಂದೊಂದು ಪಕ್ಕೆಲುಬಿನ ಅರ್ಧ ಆಕಾರ ಬರೆದಿತ್ತು. ಚುಕ್ಕಿ ರಂಗೋಲಿ ಬಿಡಿಸುವ ಯಾವ ಹೆಂಗಸಿಗಾದರೂ ಅದು ಅರ್ಥವಾಗುತ್ತದೆ. ಒಂದು ಚೌಕಕ್ಕೆ ಒಂದು ಬೆರಳಗಲ ಎಂದು ಇಟ್ಟುಕೊಂಡೆ. ಹಳೆಯ ಪೇಪರನ್ನು ನಡುವೆ ಮಡಿಸಿ, ತೋರುಬೆರಳು ಇಟ್ಟು ಪೆನ್ಸಿಲಿನಲ್ಲಿ ಒಂದು ಚುಕ್ಕಿ, ಮತ್ತೆ ಬೆರಳು, ಮತ್ತೆ ಚುಕ್ಕಿ. ನಕ್ಷೆಯಲ್ಲಿ ಗೆರೆ ಯಾವ ಯಾವ ಚೌಕದ ಮೂಲೆ ಮುಟ್ಟಿ ಹೋಗಿದೆಯೋ ನನ್ನ ಗೆರೆಯೂ ಆ ಆ ಚುಕ್ಕಿ ಮುಟ್ಟಿ ಹೋಗುತ್ತಿತ್ತು. ಮಡಿಸಿದ ಪೇಪರನ್ನು ಕತ್ತರಿಸಿ ಬಿಡಿಸಿದರೆ ಎಡಬಲ ಎರಡೂ ಒಂದೇ ಸಮ. ಅದನ್ನು ಮರಕ್ಕೆ ಅಂಟಿಸಿ ಗರಗಸದಲ್ಲಿ ಕುಯ್ದು ಅರ ಹಾಕಿ ಅಂಚು ನಯ ಮಾಡುವುದು. ಒಟ್ಟು ಹತ್ತೊಂಬತ್ತು ಪಕ್ಕೆಲುಬು. ಹಿಂದಿನಿಂದ ಶುರು ಮಾಡಿ ನಡುವಿನ ತನಕ ಹತ್ತು ಮಾಡಿದೆ.

ಮೊಳೆ ಹೊಡೆಯಲಿಲ್ಲ. ದಬ್ಬಳವನ್ನು, ಅಂದರೆ ಗೋಣಿಚೀಲ ಹೊಲಿಯುವ ದಪ್ಪ ಸೂಜಿಯನ್ನು, ಒಲೆಯಲ್ಲಿ ಕೆಂಪಗೆ ಕಾಯಿಸಿ ಮರಕ್ಕೆ ತೂತು ಹಾಕುತ್ತಿದ್ದೆ. ಆ ತೂತಿಗೆ ಪೊರಕೆ ಕಡ್ಡಿ ಬಡಿದು ತುದಿ ಕುಯ್ದುಬಿಡುವುದು.

"ಅತ್ತೆ, ಗುಡಿಸೋಕೆ ಪೊರಕೇಲಿ ಕಡ್ಡೀನೇ ಇಲ್ಲ. ಹಿಡಿ ಮಾತ್ರ ಉಳ್ದಿದೆ," ಎಂದಳು ಸೊಸೆ.

"ಹಿಡೀಲೇ ಗುಡ್ಸು."

ವಠಾರದಲ್ಲಿ ಎಂಟು ಮನೆ. ಬೆಳಕಿಗಾಗಿ ನಾನು ನಡುವಿನ ಅಂಗಳದಲ್ಲಿ ನಲ್ಲಿಯ ಪಕ್ಕ ಕೂರುತ್ತಿದ್ದೆ. ನೀರು ಹಿಡಿಯಲು ಬಂದವರೆಲ್ಲಾ ಒಂದೊಂದು ಮಾತು ಬಿಸಾಕಿ ಹೋಗುತ್ತಿದ್ದರು. ಎದುರು ಮನೆಯವಳು ಬಿಂದಿಗೆ ಇಟ್ಟುಕೊಂಡು ಹೇಳಿದಳು, "ನಲ್ಲೀಲಿ ಕುಡಿಯೋಕೆ ನೀರಿಲ್ಲ, ನೀನು ಹಡಗು ಕಟ್ತಿದೀಯಲ್ಲಜ್ಜಿ."

"ಒಂದು ಮಳೆ ಬರ್ಲಿ. ಮಾರ್ಕೆಟ್ ಮುಂದೆ ಸೊಂಟದುದ್ದ ನೀರು ನಿಂತಾಗ ಹತ್ತಿಸ್ಕೋ ಅಂತ ನೀನೇ ಬರ್ತೀಯ."

ಆಷಾಢದಲ್ಲಿ ಕೈ ಸುಟ್ಟುಕೊಂಡೆ. ಕಾದ ದಬ್ಬಳ ಜಾರಿ ತೋರುಬೆರಳಿನ ಮೇಲೇ ಬಿತ್ತು. ಬೊಬ್ಬೆ ಎದ್ದು ಬೆರಳು ಬದನೆಕಾಯಿ ಹಾಗೆ ಊದಿತು. ಸೊಸೆ ಬಟ್ಟೆ ಸುತ್ತಿದಳು. ಗರಗಸವನ್ನು ಹೇಗೋ ಹಿಡಿಯಬಹುದಿತ್ತು, ಆದರೆ ಸುತ್ತಿದ ಬೆರಳಿನಲ್ಲಿ ಅಳತೆ ಆಗುತ್ತಿರಲಿಲ್ಲ. ಸುಮ್ಮನೆ ಕೂತರೆ ದಿನ ಹೋಗುತ್ತದೆ ಎಂದು ಸೊಸೆಯನ್ನು ಕರೆದೆ. ಅವಳು ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಇಡುವವಳು, ಚುಕ್ಕಿ ಸಾಲು ತಪ್ಪುವುದಿಲ್ಲ. ನಾನು ನಕ್ಷೆ ನೋಡಿ ಚೌಕ ಎಣಿಸಿ ಹೇಳಿದೆ. ಅವಳು ತನ್ನ ಬೆರಳಿಟ್ಟು ಚುಕ್ಕಿ ಇಟ್ಟಳು. ಮುಂದಿನ ಒಂಬತ್ತು ಪಕ್ಕೆಲುಬಿಗೂ ಹಾಗೇ ಆಯಿತು. ಬೇಗ ಬೇಗ ಮುಗಿಯಿತೆಂದು ನನಗೆ ಖುಷಿಯೇ ಆಯಿತು. ಒಂದೊಂದನ್ನೂ ಕುಯ್ದು ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿಟ್ಟೆ.

ಬೆರಳು ವಾಸಿಯಾದ ಮೇಲೆ ಹತ್ತೊಂಬತ್ತನ್ನೂ ಬೆನ್ನೆಲುಬಿಗೆ ನಿಲ್ಲಿಸಿದೆ. ನಡುವಿನಿಂದ ಮುಂದಕ್ಕೆ ಸ್ವಲ್ಪ ಸಣ್ಣಗೆ ಕಂಡಿತು. ಮುಂದಕ್ಕೆ ಹೋಗುತ್ತಾ ಹಡಗು ಕಿರಿದಾಗಬೇಕಲ್ಲ, ಅದೇ ಇರಬೇಕು ಅಂದುಕೊಂಡೆ. ಆ ಹೊತ್ತಿಗೆ ಹಣ್ಣಿನ ಪೆಟ್ಟಿಗೆಯ ಹಲಗೆಗಳನ್ನು ಸೀಳಿ, ಗಾಜಿನ ಚೂರಿನಲ್ಲಿ ಕೆರೆದು ಕೆರೆದು ತೆಳ್ಳಗೆ ಮಾಡಿಟ್ಟಿದ್ದೆ. ಗೌರಿ ಗಣೇಶ ಮುಗಿದು ಮಾರನೆಯ ದಿನ ಮೊದಲನೆಯ ಹಲಗೆಯನ್ನು ಇಡ್ಲಿ ಪಾತ್ರೆಯಲ್ಲಿ ಬೇಯಿಸಿ, ಹಿಂದಿನಿಂದ ಹೊದಿಸಿಕೊಂಡು ಬಂದೆ. ಹತ್ತನೇ ಪಕ್ಕೆಲುಬಿನ ತನಕ ಅಂಟಿಕೊಂಡಿತು. ಹನ್ನೊಂದನೆಯದನ್ನು ಮುಟ್ಟಲೇ ಇಲ್ಲ. ಹಲಗೆಗೂ ಮರಕ್ಕೂ ನಡುವೆ ನನ್ನ ಬೆರಳು ಹೋಗುವಷ್ಟು ಸಂದು.

ಇನ್ನೊಂದು ಹಲಗೆ ಹಾಕಿ ನೋಡಿದೆ. ಹಾಗೇ. ಆ ಪಕ್ಕ ಹಾಕಿದೆ. ಹಾಗೇ. ನಕ್ಷೆ ತೆಗೆದು ಚೌಕ ಎಣಿಸಿದೆ. ಹತ್ತನೆಯದಕ್ಕೂ ಐದು ಚೌಕ, ಹನ್ನೊಂದನೆಯದಕ್ಕೂ ಐದು ಚೌಕ. ಲೆಕ್ಕ ಸರಿ ಇತ್ತು. ಹಾಗಾದರೆ ಏನು ಎಂದು ಅರ್ಧ ಗಂಟೆ ಅದರ ಮುಂದೆ ಕೂತಿದ್ದೆ. ಸೊಸೆ ಬಂದು ಕಾಫಿ ಲೋಟ ಚಾಚಿದಳು. ಲೋಟ ಹಿಡಿದಿದ್ದ ಅವಳ ಬೆರಳು ನೋಡಿದೆ.

"ಇಲ್ಲಿ ಕೈ ಕೊಡೇ," ಎಂದೆ.

ಅವಳ ತೋರುಬೆರಳನ್ನು ನನ್ನ ಬೆರಳಿನ ಪಕ್ಕ ಇಟ್ಟೆ. ಹುರುಳಿಕಾಯಿ ಪಕ್ಕ ಮೂಲಂಗಿ ಇಟ್ಟ ಹಾಗಿತ್ತು. ಅವಳ ಹತ್ತು ಬೆರಳಗಲ ನನ್ನ ಎಂಟೂವರೆಯೂ ಆಗುವುದಿಲ್ಲ. ಅವಳು ಚುಕ್ಕಿ ಇಟ್ಟಿದ್ದ ಒಂಬತ್ತು ಪಕ್ಕೆಲುಬೂ ಸಣ್ಣ ಹಡಗಿನವು. ನಾನು ಎರಡು ಹಡಗಿನ ಅರ್ಧರ್ಧ ತಂದು ಒಂದಕ್ಕೊಂದು ಜೋಡಿಸಿದ್ದೆ.

ಅವಳಿಗೆ ಗೊತ್ತಾಗಿ ಕಣ್ಣು ದೊಡ್ಡದಾಯಿತು. "ಅತ್ತೆ, ನನ್ ಬೆರಳು ಸಣ್ಣ ಇರೋದಕ್ಕೆ ನಾನೇನ್ ಮಾಡ್ಲಿ? ನೀವೇ ಬೆರಳಿಡು ಅಂದ್ರಿ."

"ನಿಂದೇನೂ ತಪ್ಪಿಲ್ಲ. ಎರಡು ಕೈ ಅಳತೆ ಸೇರಿಸ್ದೋಳು ನಾನು. ಹೋಗು, ಅನ್ನಕ್ಕಿಡು."

ಗುರುವಾರ ಅದನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಸ್ವಾಮಿಯ ಹತ್ತಿರ ಹೋದೆ. ತಿರುಗಿಸಿ ತಿರುಗಿಸಿ ನೋಡಿದರು. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

"ಇಷ್ಟು ಮಾಡಿದೀರಲ್ಲಮ್ಮ ನೀವು," ಎಂದರು. ಆಮೇಲೆ, "ಇದಕ್ಕೆ ದಾರಿ ಇದೆ. ಸಣ್ಣ ಆಗಿರೋ ಕಡೆ ತೆಳ್ಳಗೆ ಮರದ ಪಟ್ಟಿ ಅಂಟಿಸ್ಬಿಡಿ. ಎತ್ತರ ಬರುತ್ತೆ. ಮೇಲೆ ಹಲಗೆ ಹೊದ್ಸಿದ್ರೆ ಯಾರಿಗೆ ಕಾಣುತ್ತೆ? ಎಲ್ಲರೂ ಮಾಡ್ತಾರೆ, ನಾನೂ ಮಾಡಿದೀನಿ. ನವರಾತ್ರಿಗೆ ಇನ್ನು ಮೂರು ವಾರ ಇದೆ, ಆರಾಮಾಗಿ ಮುಗಿಯುತ್ತೆ."

"ಕಿತ್ತು ಹೊಸದಾಗಿ ಮಾಡಿದ್ರೆ?"

"ಆಗಲ್ಲ. ನನ್ನ ಕೈಲೇ ಎರಡು ತಿಂಗಳಾಗುತ್ತೆ."

ಬುಟ್ಟಿಯ ಕೆಳಗೆ ಮೆತ್ತಗಾದ ಟೊಮೇಟೊ ಇಟ್ಟು ಮೇಲೆ ಗಟ್ಟಿ ಹಣ್ಣು ಜೋಡಿಸಿ ಮಾರುವವರಿದ್ದಾರೆ. ನಾನೂ ಒಂದೆರಡು ಸಲ ಮಾಡಿದ್ದೇನೆ, ಸುಳ್ಳು ಯಾಕೆ. ಗಿರಾಕಿಗೆ ಮನೆಗೆ ಹೋದ ಮೇಲೆ ಗೊತ್ತಾಗುತ್ತದೆ. ಮಾರಿದವಳಿಗೆ ಬುಟ್ಟಿ ಹೊತ್ತು ನಡೆಯುವಾಗಲೂ ಗೊತ್ತಿರುತ್ತದೆ, ಬೀದಿಯುದ್ದಕ್ಕೂ ಅದೇ ತಲೆಯಲ್ಲಿ. ಈ ಹಡಗನ್ನು ಯಾರಿಗೂ ಮಾರುವುದಿಲ್ಲ. ಆಗ ಒಳಗೆ ಏನಿದೆ ಎಂದು ಗೊತ್ತಿರುವವಳು ನಾನೊಬ್ಬಳೇ.

ಮನೆಗೆ ಬಂದು ಒಂಬತ್ತನ್ನೂ ಕಿತ್ತೆ. ಕಡ್ಡಿ ಬಡಿದು ಅಂಟು ಹಾಕಿದ್ದರಿಂದ ಸುಲಭವಾಗಿ ಬರಲಿಲ್ಲ. ಉಳಿ ಇಟ್ಟು ಎಬ್ಬಿಸಬೇಕಾಯಿತು. ಎರಡು ಪಕ್ಕೆಲುಬು ಹೋಳಾದವು. ವಠಾರದವರು ನೋಡಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮರ ಖಾಲಿಯಾಗಿತ್ತು. ನನ್ನ ಮಣೆ ಮುಗಿದಿತ್ತು. ಹಲಗೆಯ ಮರ ಎಲುಬಿಗೆ ತಡೆಯುವುದಿಲ್ಲ. ಮಾರನೆಯ ದಿನ ಬೆಳಿಗ್ಗೆ ಸೊಸೆ ಇನ್ನೊಂದು ಮಣೆಯನ್ನು, ಅವಳು ಕೂರುವುದನ್ನು, ತಂದು ನನ್ನ ಮುಂದೆ ಇಟ್ಟಳು.

"ನನಗೆ ನೆಲಾನೇ ಆರಾಮ," ಎಂದಳು.

ನಾನು ಬೇಡ ಅನ್ನಲಿಲ್ಲ. ಕುಯ್ದೆ. ಅಳತೆಗೆ ಈ ಸಲ ಬೆರಳು ಇಡಲಿಲ್ಲ. ನನ್ನ ಬೆರಳಗಲಕ್ಕೆ ಒಂದು ಪೊರಕೆ ಕಡ್ಡಿ ಮುರಿದು ಇಟ್ಟುಕೊಂಡೆ. ಇನ್ನು ಯಾರ ಕೈ ಸುಟ್ಟರೂ ಕಡ್ಡಿ ಹಾಗೇ ಇರುತ್ತದೆ. ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಷ್ಟರಲ್ಲಿ ಪಿತೃಪಕ್ಷ ಶುರುವಾಯಿತು. ಎದುರು ಮನೆಯವಳು ಬಾಗಿಲಲ್ಲಿ ನಿಂತು, "ಪಕ್ಷದಲ್ಲಿ ಹೊಸ ಕೆಲಸ ಹಿಡೀಬಾರ್ದು ಅಜ್ಜಿ, ಆಗಿಬರಲ್ಲ," ಎಂದಳು.

"ಹೊಸದೆಲ್ಲಿ? ಹಳೇ ತಪ್ಪನ್ನೇ ತಿದ್ತಿದೀನಿ."

ಬೆಳಕು ಬಂದೊಡನೆ ಕೂರುತ್ತಿದ್ದೆ, ಬೆಳಕು ಹೋದೊಡನೆ ಏಳುತ್ತಿದ್ದೆ. ದೀಪದಲ್ಲಿ ನನ್ನ ಕಣ್ಣು ನಡೆಯುವುದಿಲ್ಲ. ನಡುವೆ ಊಟಕ್ಕೆ ಮಾತ್ರ ಏಳುವುದು. ಮಂಡಿ ಹಿಡಿದುಕೊಂಡರೆ ಸೊಸೆ ಎರಡೂ ಕೈ ಹಿಡಿದು ಎಬ್ಬಿಸುತ್ತಿದ್ದಳು. ಪಕ್ಕೆಲುಬಿಗೆ ಆರು ದಿನ. ಹಲಗೆ ಹೊದಿಸಲು ಎಂಟು ದಿನ. ಅಂಟು ಒಣಗುವ ತನಕ ಬಟ್ಟೆ ಒಣಹಾಕುವ ಕ್ಲಿಪ್ಪು ಕಚ್ಚಿಸುತ್ತಿದ್ದೆ. ಎಂಟು ಮನೆಯ ಕ್ಲಿಪ್ಪೂ ನನ್ನ ಹಡಗಿನ ಮೇಲೇ ಇದ್ದವು. ಗಾಳಿ ಬಂದರೆ ವಠಾರದವರ ಬಟ್ಟೆ ಹಾರಿ ಹೋಗುತ್ತಿತ್ತು, ನನ್ನನ್ನು ಬೈಯುತ್ತಾ ಎತ್ತಿಕೊಂಡು ಬರುತ್ತಿದ್ದರು. ಆದರೆ ಕ್ಲಿಪ್ಪು ವಾಪಸ್ಸು ಕೊಡು ಎಂದು ಒಬ್ಬರೂ ಕೇಳಲಿಲ್ಲ. ಇಡ್ಲಿಯಲ್ಲಿ ಮರದ ವಾಸನೆ ಬರುತ್ತದೆಂದು ಮಗ ಗೊಣಗಿದ. ತಿನ್ನಬೇಡ ಎಂದೆ. ತಿಂದ.

ಈ ಸಲ ಹಲಗೆ ಹಿಂದಿನಿಂದ ಮುಂದಿನ ತನಕ ಒಂದೇ ಓಟಕ್ಕೆ ಹೋಯಿತು. ಹತ್ತರ ಮೇಲೆ, ಹನ್ನೊಂದರ ಮೇಲೆ, ಹತ್ತೊಂಬತ್ತರ ತನಕ. ಉಪ್ಪುಕಾಗದದಲ್ಲಿ ಉಜ್ಜಿ ಕೈ ಆಡಿಸಿದರೆ ಎಲ್ಲೂ ತಡೆಯಲಿಲ್ಲ.

ಮೂರು ಕಂಬ ನಿಲ್ಲಿಸಿದೆ. ಹಾಯಿಗೆ ಮಗನ ಹಳೆಯ ಪಂಚೆ ಕತ್ತರಿಸಿ ಅನ್ನದ ಗಂಜಿ ಹಾಕಿ ಗಟ್ಟಿ ಮಾಡಿದೆ. ಕೊನೆಗೆ ಉಳಿದದ್ದು ಹಗ್ಗ. ಉಳಿದ ದಿನ ಎರಡೇ. ದಾರ ಹೊಸೆಯಲು ಹೊತ್ತಿಲ್ಲ ಎಂದು ಮಾರುಕಟ್ಟೆಯಿಂದ ಹೂ ಕಟ್ಟುವ ಬಾಳೆನಾರು ತರಿಸಿದೆ. ನೀರಲ್ಲಿ ಅದ್ದಿ, ತೆಳ್ಳಗೆ ಸೀಳಿ, ಮಲ್ಲಿಗೆ ಕಟ್ಟುವ ಗಂಟೇ ಹಾಕಿ ಬಿಗಿದೆ. ಮಹಾಲಯ ಅಮಾವಾಸ್ಯೆಯ ದಿನ ಮಧ್ಯಾಹ್ನ ಕೊನೆಯ ಗಂಟು ಹಾಕಿದೆ. ಆಮೇಲೆ ನೋಡುತ್ತಾ ಕೂರಲಿಲ್ಲ, ಸ್ನಾನ ಮಾಡಿ ಮಲಗಿದೆ.

ನವರಾತ್ರಿಯ ಮೊದಲ ದಿನ ಬೆಳಿಗ್ಗೆ ಮಗ ಆಟೋ ಕರೆದ. ನಾನು ಹತ್ತಲಿಲ್ಲ. ನಮ್ಮ ರಸ್ತೆಯ ಗುಂಡಿಗಳಲ್ಲಿ ಮೂರು ಕಂಬವೂ ನಿಲ್ಲುವುದಿಲ್ಲ. ಬುಟ್ಟಿಯಲ್ಲಿ ಹಡಗು ಕೂರಿಸಿ, ಸಿಂಬೆ ಸುತ್ತಿ, ತಲೆಯ ಮೇಲೆ ಇಡು ಎಂದೆ.

"ಅಮ್ಮ, ಡಾಕ್ಟ್ರು ಏನ್ ಹೇಳಿದಾರೆ?"

"ತಲೆಹೊರೆ ಬೇಡ ಅಂದಿದಾರೆ. ಇದು ಎರಡು ಕಟ್ಟು ಸೊಪ್ಪಿನಷ್ಟೂ ಭಾರ ಇಲ್ಲ. ಇಡು."

ಇಟ್ಟ. ಸೊಸೆ ಪಕ್ಕದಲ್ಲಿ ನಡೆದಳು. ಚಾಮರಾಜಪೇಟೆಯಿಂದ ತ್ಯಾಗರಾಜನಗರಕ್ಕೆ ಮೊದಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಅವತ್ತು ಎರಡು ಗಂಟೆ. ಆರು ಕಡೆ ನಿಂತೆ. ಕೂರಲಿಲ್ಲ, ಕೂತರೆ ಏಳಲು ಆಗುವುದಿಲ್ಲ. ಸಿಗ್ನಲ್ಲಿನಲ್ಲಿ ಸ್ಕೂಟರಿನವನೊಬ್ಬ ಕೇಳಿದ, "ಏನಜ್ಜಿ, ಎಷ್ಟಕ್ಕೆ ಕೊಡ್ತೀಯಾ?"

"ಕೊಡಲ್ಲ."

"ಮತ್ಯಾಕೆ ಹೊತ್ಕೊಂಡ್ ಹೋಗ್ತಿದೀಯಾ?"

"ಕೂರ್ಸೋಕೆ. ಹಸಿರು ಬಿತ್ತು, ಹೋಗಪ್ಪ."

ಅಮ್ಮಾವ್ರ ಹಜಾರದಲ್ಲಿ ಒಂಬತ್ತು ಮೆಟ್ಟಿಲಿಗೂ ಬಿಳಿ ಬಟ್ಟೆ ಹಾಸಿ ಗೊಂಬೆ ಜೋಡಿಸುತ್ತಿದ್ದರು. ಎಲ್ಲಕ್ಕಿಂತ ಮೇಲೆ ಪಟ್ಟದ ರಾಜ ರಾಣಿ, ಎರಡನೇ ಮೆಟ್ಟಿಲಲ್ಲಿ ದಶಾವತಾರ, ತೀರಾ ಕೆಳಗೆ ಶೆಟ್ಟರ ಅಂಗಡಿ. ನಾನು ಹಡಗನ್ನು ನೆಲದ ಮೇಲೆ ಇಟ್ಟು ಗೋಡೆಗೆ ಒರಗಿ ನಿಂತೆ. ಸ್ವಾಮಿ ಬಗ್ಗಿ ಹಲಗೆಯ ಮೇಲೆ ಹಿಂದಿನಿಂದ ಮುಂದಕ್ಕೆ ಬೆರಳು ಎಳೆದರು.

"ಪಟ್ಟಿ ಅಂಟಿಸಿದ್ರಾ?"

"ಇಲ್ಲ. ಕಿತ್ತು ಮಾಡ್ದೆ."

ಅವರು ಮತ್ತೊಂದು ಸಲ ಬೆರಳು ಎಳೆದರು.

ಅಮ್ಮಾವ್ರು ಒಳಗೆ ಇಣುಕಲಿಲ್ಲ. ಪಕ್ಕೆಲುಬು ಎಷ್ಟು, ಯಾವುದು ಎರಡನೇ ಸಲದ್ದು ಎಂಬುದೆಲ್ಲಾ ಅವರಿಗೆ ಬೇಕಿರಲಿಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ, ಸೊಂಟದ ಮೇಲೆ ಕೈ ಇಟ್ಟು, ಬದನೆಕಾಯಿ ನೋಡುವ ಹಾಗೆ ನೋಡಿದರು.

"ಕೂರಿಸ್ಬಹುದು," ಎಂದರು. "ಕೆಳಗಡೆ ಮೆಟ್ಟಿಲು. ಶೆಟ್ಟರ ಅಂಗಡಿ ಪಕ್ಕ."

"ಕೆಳಗಡೆ ಬೇಡ ಅಮ್ಮಾವ್ರೇ. ಎರಡನೇದು ಕೊಡಿ."

"ಎರಡನೇದು ದೇವರ ಸಾಲು ಕಣೇ!"

"ಮೀನಿನ ಅವತಾರ ಇದೆಯಲ್ಲ ಅಲ್ಲಿ. ಪ್ರಳಯದಲ್ಲಿ ಆ ಮೀನು ಎಳ್ಕೊಂಡ್ ಹೋಗಿದ್ದು ಏನನ್ನ? ಎತ್ತಿನ ಗಾಡೀನಾ?"

ಸ್ವಾಮಿ ಹಿಂದೆ ತಿರುಗಿ ಕೆಮ್ಮಿದರು. ಅಮ್ಮಾವ್ರು ಮೆಟ್ಟಿಲು ನೋಡಿದರು, ನನ್ನನ್ನು ನೋಡಿದರು. "ಕಂಬ ರಾಣಿ ಮುಖಕ್ಕೆ ಅಡ್ಡ ಬರುತ್ತೆ."

"ಮೀನು ಇರೋದು ಎಡಗಡೆ ತುದೀಲಿ. ರಾಣಿ ನಡುವೆ ಇದಾಳೆ. ಎಲ್ಲಿ ಅಡ್ಡ ಬರುತ್ತೆ?"

"ನಲವತ್ತು ವರ್ಷ ಆಯ್ತು, ಒಂದು ದಿನಾನೂ ನೀನು ಮಾತಲ್ಲಿ ಸೋತಿಲ್ಲ," ಎಂದರು ಅಮ್ಮಾವ್ರು. "ತಗೊಂಡ್ ಬಾ."

ಮತ್ಸ್ಯಾವತಾರವನ್ನು ಅವರು ನಾಲ್ಕು ಬೆರಳು ಸರಿಸಿದರು. ನಾನೇ ಎತ್ತಿ ಪಕ್ಕದಲ್ಲಿ ಕೂರಿಸಿದೆ. ಅಮ್ಮಾವ್ರು ಎಲ್ಲಾ ಗೊಂಬೆಗೂ ಇಟ್ಟ ಹಾಗೆ ಅದರ ಮೂತಿಗೂ ಕುಂಕುಮ ಇಟ್ಟು ಆರತಿ ಎತ್ತಿದರು. ಹಾಗೆ ಕೂರಿಸಿದ ಮೇಲೆ ವಿಜಯದಶಮಿ ಮುಗಿಯುವ ತನಕ ಯಾವ ಗೊಂಬೆಯನ್ನೂ ಮುಟ್ಟುವ ಹಾಗಿಲ್ಲ. ಅದು ಆ ಮನೆಯ ನಿಯಮ.

ಸಂಜೆ ಬ್ಲೌಸ್ ಪೀಸು, ಎಲೆಅಡಿಕೆಗೆ ಹೆಂಗಸರು ಬಂದರು. ನಾನೂ ಸೊಸೆಯೂ ಇದ್ದೆವು. "ಯಜಮಾನ್ರು ಈ ಸಲ ದೊಡ್ಡದೇ ಮಾಡಿದಾರೆ," ಎಂದಳು ಒಬ್ಬಳು. ಸ್ವಾಮಿ ಕುರ್ಚಿಯಿಂದಲೇ, "ಅದು ನಂದಲ್ಲಮ್ಮ, ಇವರದ್ದು. ನನಗೆ ಪೆಟ್ಟಿಗೆ ಇಲ್ದೆ ಮಾಡೋಕೆ ಬರಲ್ಲ," ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹಡಗನ್ನು ನೋಡುತ್ತಿದ್ದೆ. ನಡುಗಂಬದ ಎಡಗಡೆಯ ಹಗ್ಗ ಒಂದು ಜೋತುಬಿದ್ದಿತ್ತು.

ಬಾಳೆನಾರು ಒದ್ದೆ ಇದ್ದಾಗ ಬಿಗಿ, ಒಣಗಿದರೆ ಸಡಿಲ. ಹಾರ ಒಂದು ದಿನಕ್ಕೆ ಬಾಡಿ ಹೋಗುವುದರಿಂದ ಆಮೇಲೆ ನಾರು ಏನಾಯಿತೆಂದು ಯಾರೂ ನೋಡುವುದಿಲ್ಲ. ನಾನೂ ಯಾವತ್ತೂ ನೋಡಿರಲಿಲ್ಲ. ಎರಡನೇ ದಿನ ನಾಲ್ಕು ಹಗ್ಗ ಜೋತುಬಿದ್ದವು. ಮೂರನೇ ದಿನ ಹಿಂದಿನ ಕಂಬದವೂ.

"ಒಂದೇ ಒಂದು ಗಂಟು ಅಮ್ಮಾವ್ರೇ, ಯಾರೂ ಇಲ್ದಾಗ."

"ಮುಟ್ಟಿದ್ರೆ ನೋಡು! ಯಾರಿಗೂ ಕಾಣಲ್ಲ ಸುಮ್ನಿರು."

ಕಾಣುತ್ತಿರಲಿಲ್ಲ, ನಿಜ. ಬಂದವರೆಲ್ಲಾ ಚೆನ್ನಾಗಿದೆ ಎಂದೇ ಹೋದರು. ನಾನು ವಾದ ಮಾಡಲಿಲ್ಲ. ಮನೆಗೆ ಬಂದು ಚಿಕ್ಕಪೇಟೆಯಿಂದ ಗಟ್ಟಿ ಹತ್ತಿ ದಾರ ತರಿಸಿದೆ. ದಿನಾ ಹಗಲು ತೊಡೆಯ ಮೇಲೆ ಹೊಸೆದು, ಮೇಣ ಸವರಿ, ಅಳತೆಗೆ ಕತ್ತರಿಸಿ ಸುರುಳಿ ಸುತ್ತಿಟ್ಟೆ. ಮೂವತ್ತೆರಡು ಹಗ್ಗ. ಸಂಜೆ ಆ ಮನೆಗೆ ಹೋಗಿ ಇವತ್ತು ಇನ್ನೆಷ್ಟು ಜೋತುಬಿದ್ದಿವೆ ಎಂದು ಎಣಿಸಿಕೊಂಡು ಬರುತ್ತಿದ್ದೆ.

ದಶಮಿ ಕಳೆದ ಮಾರನೆಯ ದಿನ ಬೆಳಿಗ್ಗೆ ಅಮ್ಮಾವ್ರು ಗೊಂಬೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಒಳಗಿಡುತ್ತಿದ್ದರು. ಹಡಗಿಗೂ ಒಂದು ಮೆತ್ತನೆಯ ಸೀರೆ ತೆಗೆದಿಟ್ಟಿದ್ದರು. "ಇದು ಇಲ್ಲೇ ಇರ್ಲಿ ಕಣೇ. ವರ್ಷಾ ವರ್ಷಾ ಮೀನಿನ ಪಕ್ಕದಲ್ಲೇ ಕೂರಿಸ್ತೀನಿ," ಎಂದರು.

"ಇರ್ಲಿ. ಈಗ ಕೊಡಿ ಇಲ್ಲಿ," ಎಂದೆ.

ಕಿಟಕಿ ಕೆಳಗಿನ ಮೇಜಿನಲ್ಲಿ ಸ್ವಾಮಿ ಜಾಗ ಮಾಡಿಕೊಟ್ಟರು. ಒಂದೊಂದೇ ನಾರು ಕತ್ತರಿಸಿ ತೆಗೆದು ದಾರ ಬಿಗಿದೆ. ಮೂವತ್ತೆರಡು ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಪ್ರತಿಯೊಂದನ್ನೂ ಬೆರಳಲ್ಲಿ ಮಿಡಿದು ನೋಡಿದೆ. ಆಮೇಲೆ ಅಮ್ಮಾವ್ರಿಗೆ ಸುತ್ತಿಡಲು ಕೊಟ್ಟೆ.